ಕೌಲ್ ಬಜಾರಿನ ಕೇರಂ

ಏಳೂವರೆಗೆ ಮಷೀನು ನಿಂತವು.
ಮೌಲಾಲಿ ಬಂದ, ಪಂಪಣ್ಣ ಬಂದ,
ಜೀನ್ಸಿನ ಬಣ್ಣ ಉಗುರೊಳಗೆ ಹಂಗೇ ಇಟಗೊಂಡು.

ಡ್ರಮ್ಮಿನ ಮೇಲೆ ಬೋರ್ಡು, ಬೋರ್ಡಿನ ಮೇಲೆ ಬಲ್ಬು,
ಬಲ್ಬಿನ ಸುತ್ತ ಹುಳ, ಹುಳದಂಗ ನಾವು.
ಸೋತವರು ಒಗ್ಗರಣೆ ಮಂಡಾಳು ಕೊಡಿಸಬೇಕು,
ಮಿರ್ಚಿ ಬೇಕಂದ್ರೆ ಅವರವರ ದುಡ್ಡು.

ಹಗಲೆಲ್ಲ ಬಿಸಿಲು ಕುಡಿದ ಗುಡ್ಡ
ಬೆನ್ನ ಹಿಂದೆ ಉಸಿರು ಬಿಡುತ್ತಿತ್ತು.
ಬಿಳಿ ಪೌಡರಿನ ಮೇಲೆ
ಪಂಪಣ್ಣನ ನೀಲಿ ಬೆರಳು.

ರೆಡ್ಡು ಬಿತ್ತು. ಕವರೊಂದೇ ಬಾಕಿ.
ಹೊಡೆದ—
ಅಷ್ಟರಲ್ಲಿ ಕರೆಂಟು ಹೋಯಿತು.

ಯಾರೂ ಮೊಬೈಲು ತೆಗೆಯಲಿಲ್ಲ.
ಕತ್ತಲಲ್ಲಿ ಕಾಯಿ ಜಾರುವ ಸದ್ದು,
ಆಮೇಲೆ ಅದೂ ಇಲ್ಲ.

ಬಿತ್ತೇನು?

‘ಬಿತ್ತು’ ಅಂದದ್ದು ಮೌಲಾಲಿ,
ಅವನೇ ಎದುರಾಳಿ,
ಮಂಡಾಳಿನ ದುಡ್ಡಿಗೆ ಜೇಬು ತಡಕುತ್ತ.