ಒಂಬತ್ತನೇ ಮೀಟರು

ಪಟ್ಟಿಯಲ್ಲಿ ಆರುನೂರ ಹನ್ನೆರಡು ಮೀಟರು.
ನಾಲ್ಕರಿಂದ ಶುರು, ಆಮೇಲೆ ಪ್ರತಿ ಒಂಬತ್ತನೆಯದು.
"ಇದರಲ್ಲಿ ಯಾರ ಪಕ್ಷಪಾತವೂ ಇಲ್ಲ ನೋಡಮ್ಮ"
ಅಂದಿದ್ದರು ಚಿಕ್ಕಲಿಂಗಯ್ಯ ಸಾರ್, ಪೆನ್ನಿನ ಕ್ಯಾಪು ಕಚ್ಚುತ್ತ.

ಹದಿಮೂರಕ್ಕೆ ಬೀಗ.
ಇಪ್ಪತ್ತೆರಡು ಬರೀ ಬೋರ್‌ವೆಲ್ಲು;
ಅದನ್ನು ಹೇಗೆ ಕೇಳಲಿ,
ವಾರಕ್ಕೆ ಎಷ್ಟು ದಿನ ನಲ್ಲಿ ನೀರು ಬರುತ್ತದೆ ಎಂದು?
ಮೂವತ್ತೊಂದು ತೀರಿಹೋದವರ ಹೆಸರಲ್ಲಿದೆ,
ಬಿಲ್ಲು ಮಾತ್ರ ತಿಂಗಳು ತಪ್ಪದೆ ಬರುತ್ತದಂತೆ.

ನಲವತ್ತು ಸಿಕ್ಕಿತು, ಮಂಡಿ ಮೊಹಲ್ಲಾದ ಓಣಿಯಲ್ಲಿ.
ಮುಂಬಾಗಿಲಿಗೆ ಒಂದು ಮೀಟರು, ಹಿತ್ತಲಲ್ಲಿ ಮೂರು ಒಲೆ.
ಫಾರಂ ತುಂಬಿಸಿ ಎದ್ದರೆ
ಮಸಿ ಮೆತ್ತಿದ ಅಂಗೈಯೊಂದು ಅಡ್ಡ ಬಂತು:
ಜುಲೇಖಾಬಿ, ದಿನಕ್ಕೆ ನಾಲ್ಕು ಸಾವಿರ ಊದುಬತ್ತಿ ಹೊಸೆಯುವಾಕೆ.
"ಈ ಮನೆಗೆಲ್ಲ ನೀರು ಹೊರೋಳು ನಾನು. ನನ್ನ ಕೇಳಲ್ವಾ?"
"ನಿಮ್ಮ ನಂಬರು ಬಂದಿಲ್ಲ ಅಮ್ಮಾ."
"ಬರುತ್ತಾ?"

ಎಷ್ಟು ಸಲ ಎತ್ತಿದರೂ ಬರುವುದಿಲ್ಲ.
ಕಣ್ಣು ಮುಚ್ಚಿ ಚೀಟಿ ಎತ್ತುವ ಮಗುವನ್ನು
ಎಲ್ಲರೂ ನೋಡುತ್ತಾರೆ.
ಡಬ್ಬಿಗೆ ಯಾರ್‍ಯಾರ ಚೀಟಿ ಬಿತ್ತು ಎಂದು
ನಾನೂ ಇವತ್ತಿನ ತನಕ ಕೇಳಿರಲಿಲ್ಲ.

ಷರಾ ಎಂಬ ಕಾಲಂ ಎರಡು ಬೆರಳಗಲ.
ಅದರಲ್ಲೇ ಬರೆದೆ: ಹಿತ್ತಲಲ್ಲಿ ಮೂರು ಒಲೆ.
ಅಕ್ಷರ ಗೆರೆ ದಾಟಿ ಅಂಚಿಗೆ ಹೋಯಿತು.

ರಾತ್ರಿ ಮೆಟ್ಟಿಲ ಕೆಳಗೆ ಟಾರ್ಚು ಬಿಟ್ಟು ನೋಡಿದೆ,
ನಾವು ಆರು ವರ್ಷದಿಂದ ಇರುವ ಮನೆಯ ಮೀಟರು.
ಓನರ್ ಹೆಸರು.
ಚಕ್ರ ತಿರುಗುತ್ತಲೇ ಇತ್ತು,
ಒಳಗಿನ ನಮ್ಮ ಫ್ಯಾನಿಗೆ.