ಬೆರಳೆತ್ತುವ ಕೆಲಸ

ಎಪ್ಪತ್ತೆರಡು ಮೆಟ್ಟಿಲು. ಲಿಫ್ಟ್ ಇಲ್ಲ.
ಒಂದೊಂದು ಪೆಟ್ಟಿಗೆ ಅರವತ್ತೆಂಟು ಕಿಲೋ,
ಮೇಲೆ ನಾನು, ಕೆಳಗೆ ಇಯೋನ್,
ತಿರುವಿನಲ್ಲಿ ಯಾವ ಏದುಸಿರು ಯಾರದೆಂದು ತಿಳಿಯದು.
ಊರ ಹೆಸರು ಕೀಲ್;
ಸವೆದ ಕೀಲು ನನ್ನ ಮಂಡಿಯದು.

ಬಾಗಿಲಲ್ಲಿ ಡಾಕ್ಟರ್ ಆಲ್ಮುಟ್ ಬ್ರೋಡರ್ಸೆನ್,
ಉಣ್ಣೆಯ ಚಪ್ಪಲಿ, ಕೈಯಲ್ಲಿ ಟಾರ್ಚು.
"ಗೋಡೆಗೆ ತಾಗಿಸಬೇಡಿ" ಎನ್ನುತ್ತಾರೆ.
ಚಿಂತೆ ಗೋಡೆಯದಲ್ಲ.

ಹನ್ನೊಂದು ವರ್ಷದಲ್ಲಿ ಇದು ಐದನೆಯ ಜೋಡಿ.
ಮೊದಲಿನದು ಪುಸ್ತಕದ ಕಪಾಟಿನಲ್ಲಿ ಕೂರುವಂಥದು,
ಕಂಕುಳಲ್ಲಿ ಇರುಕಿ ತಂದಿದ್ದೆ, ಸಿಳ್ಳೆ ಹಾಕುತ್ತ.
ಅದಕ್ಕೆ ಆಂಪ್ಲಿಫೈಯರ್ ಸಾಲದಾಯಿತು.
ಆಂಪ್ಲಿಫೈಯರ್ ಬಂತು; ಅದರೆದುರು ಸ್ಪೀಕರು ಸಪ್ಪೆಯಾಯಿತು.
ಗಂಡಿಗೊಂದು ಹೆಣ್ಣು ಹುಡುಕಿ,
ಆ ಹೆಣ್ಣಿಗೆ ತಕ್ಕ ಗಂಡನ್ನು ಮತ್ತೆ ಹುಡುಕಿದ ಹಾಗೆ.
ವಾಲ್ವಿನದು ಬೆಚ್ಚಗಿತ್ತು, ಬಾಸು ಕೆಸರಾಯಿತು;
ಟ್ರಾನ್ಸಿಸ್ಟರಿನದು ಚೊಕ್ಕ, ಆಸ್ಪತ್ರೆಯ ಹಾಗೆ.
ಈಗ ಎಡಕ್ಕೊಂದು ಬಲಕ್ಕೊಂದು, ಒಲೆಯಷ್ಟು ಕಾಯುವ ಎರಡು,
ಕೆಳಗೆ ಗ್ರಾನೈಟಿನ ಮಣೆ, ನಡುವೆ ಬೆಳ್ಳಿಯ ತಂತಿ.
ನಮ್ಮ ವ್ಯಾನು, ಇಯೋನನ ಸ್ಕೂಟರು,
ನನ್ನ ಮಗಳ ಹಲ್ಲಿನ ತಂತಿ, ಎಲ್ಲ ಮಾರಿದರೂ
ಎಡಗಡೆಯ ಪೆಟ್ಟಿಗೆಯೊಂದು ಬಂದೀತು.

ಅಳೆಯುವುದು ಹಲ್ಲುಸಂದಿಯ ದಾರದಿಂದ.
ಒಂದು ತುದಿ ಕುರ್ಚಿಯ ತಲೆದಿಂಬಿಗೆ,
ಇನ್ನೊಂದು ಸ್ಪೀಕರಿನ ಮೂಗಿಗೆ.
"ಎರಡು ಮಿಲಿಮೀಟರ್ ಒಳಗೆ."
ನೂಕುತ್ತೇವೆ. "ಹೆಚ್ಚಾಯಿತು."
ಸಣ್ಣ ಕನ್ನಡಿಯ ಹಿಡಿಯಿಂದ ಪೆಟ್ಟಿಗೆಯ ಪಕ್ಕೆ ತಟ್ಟಿ,
ತಲೆ ವಾಲಿಸಿ, "ಟೊಳ್ಳಿಲ್ಲ" ಎಂದರು,
ಮೂವತ್ತೇಳು ವರ್ಷ ಊರ ಬಾಯಿಗಳಲ್ಲಿ ತಟ್ಟಿದ ಹಾಗೆಯೇ.

ಆ ಮೂವತ್ತೇಳು ವರ್ಷವೂ ಕೊರೆಯುವ ಯಂತ್ರ
ಬಲಗಿವಿಯಿಂದ ಎರಡು ಗೇಣು ದೂರದಲ್ಲಿ ಸೀಟಿಯೂದಿತು.
ರೋಗಿಗಳ ಹಲ್ಲು ಉಳಿಯಿತು;
ಹೋದದ್ದು ಇವರ ಕಿವಿಯ ಮೇಲಂತಸ್ತು,
ಹಕ್ಕಿಗಳು ಬಾಡಿಗೆಗಿರುವ ಮಹಡಿ.
ದುಡ್ಡು ಕೂಡಿಬಂದದ್ದು ಆಮೇಲೆ.
ಕಡಲೆಯ ಗಾದೆಯನ್ನು
ಹಲ್ಲಿನ ಡಾಕ್ಟರ ಎದುರು ಆಡದಿರುವುದೇ ಮೇಲು.

ಇಯೋನ್ ಕೆಳಗಿಳಿದು ಸಿಗರೇಟು ಹಚ್ಚುತ್ತಾನೆ.
ನನ್ನ ಇನ್ನೊಂದು ಕೆಲಸ ರಸೀದಿಯಲ್ಲಿ ಇರುವುದಿಲ್ಲ.
ಕುರ್ಚಿಯಲ್ಲಿ ನಾನು, ಬೆವರಂಗಿಗೆ ಟವೆಲು ಹಾಸಿ;
ಪಕ್ಕದ ಸ್ಟೂಲಿನಲ್ಲಿ ಅವರು.
ಸೂಜಿ ಇಳಿಯುತ್ತದೆ.
ವಾದ್ಯವೃಂದದ ಹಿಂದೆ ಎಲ್ಲೋ ಒಬ್ಬ
ಉಕ್ಕಿನ ಪುಟ್ಟ ತ್ರಿಕೋನವನ್ನು ತಟ್ಟುತ್ತಾನೆ.
ಕೇಳಿದಾಗ ನಾನು ಬೆರಳೆತ್ತಬೇಕು.
ಅಷ್ಟೆ.
ಹದಿನೇಳು ಸಲ. ಹುಡುಗಿಯಾಗಿದ್ದಾಗ
ಬಾಲ್ಕನಿಯ ಅಗ್ಗದ ಸೀಟಿನಲ್ಲಿ ಕೂತು ಎಣಿಸಿದ್ದಂತೆ.

ಹಿಂದಿನ ನಾಲ್ಕು ಜೋಡಿಗೂ ಹದಿನೇಳು ಎತ್ತಿದ್ದೆ.
ಕೊನೆಯದಕ್ಕೆ ಅವರು ಕಣ್ಣು ಮುಚ್ಚುತ್ತಿದ್ದರು,
ಬಾಯಾರಿ ನೀರು ಕುಡಿದವರಂತೆ.

ಇವತ್ತು ಆರು. ಏಳು ಇದ್ದೀತು.
ಡಬಲ್ ಬಾಸು ನನ್ನ ಪಕ್ಕೆಲುಬುಗಳನ್ನು ಎಣಿಸಿತು,
ಕೊಳಲಿನವನು ಉಸಿರೆಳೆದುಕೊಂಡದ್ದೂ ಕೇಳಿಸಿತು
(ಅಂಥ ಪೆಟ್ಟಿಗೆಗಳು, ಸುಳ್ಳಲ್ಲ),
ಆ ಉಕ್ಕಿನ ಚೂರು ಮಾತ್ರ ಎಲ್ಲಿ?
ಐವತ್ತು ದಾಟಿತು ನನಗೆ. ಹಡಗುಕಟ್ಟೆಯಲ್ಲಿ ಹನ್ನೆರಡು ವರ್ಷ,
ಕಿವಿಗೆ ಹತ್ತಿ ಇಟ್ಟುಕೊಳ್ಳುವವರನ್ನು ನೋಡಿ ನಕ್ಕವನು.

ಅವರು ನನ್ನ ಬೆರಳನ್ನೇ ನೋಡುತ್ತಿದ್ದರು.
ನಾನು ಅವರ ತುಟಿಗಳನ್ನು ನೋಡಿದೆ.
ಹಾಡಿನ ಜಾಡು ಅವಕ್ಕೆ ಬಾಯಿಪಾಠ; ಎಣಿಸುತ್ತಿದ್ದವು.
ಎಂಟಕ್ಕೆ ತೆರೆದವು, ಎತ್ತಿದೆ.
ಒಂಬತ್ತು, ಎತ್ತಿದೆ. ಕಳ್ಳತನದಲ್ಲೂ ತಾಳವಿರುತ್ತದೆ.
ಹದಿನೇಳು.
ಕಣ್ಣು ಮುಚ್ಚಿದರು.

"ನಡುವೆ ಒಂಚೂರು ತಡ ಮಾಡಿದಿರಿ."
"ಹೊಸ ಯಂತ್ರ ಅಲ್ಲವೆ," ಎಂದೆ.
"ಹೌದು, ಬಿಸಿಯೇರುವ ತನಕ ಹಾಗೆಯೇ,"
ಎಂದವರು ನನ್ನ ಮುಖವನ್ನು ಟಾರ್ಚಿನ ಬೆಳಕಿಗೆ ತಿರುಗಿಸಿ,
"ಎಡದವಡೆ ಯಾರಿಗಾದರೂ ತೋರಿಸಿಕೊಳ್ಳಿ. ಕಚ್ಚುತ್ತೀರಿ,
ಸುಳ್ಳು ಹೇಳುವಾಗ."

ಹಳೆಯ ಜೋಡಿಯನ್ನು ಹೊತ್ತು ಇಳಿದೆವು.
"ಹೇಗಿತ್ತು?" ಎಂದನಂತೆ ಇಯೋನ್.
ಬಂದರಿನಲ್ಲಿ ಹಡಗು ಕೂಗುತ್ತಿತ್ತು.
ಅವನು ಇನ್ನೊಮ್ಮೆ ಕೇಳಬೇಕಾಯಿತು.