ಇಲ್ಲದ ಕುದುರೆ

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ
ಎಂದು ನಕ್ಕಳು ಅತ್ತೆ, ಹಿಟ್ಟು ನಾದುತ್ತ.
ನನಗಾಗ ಮೂವತ್ತೆಂಟು.
ಉಕ್ಕಿನ ಕೊಳವೆ ಬಗ್ಗಿಸುವ ಕಾರ್ಖಾನೆಯಲ್ಲಿ ಹಗಲು ಪಾಳಿ,
ಬೆನ್ನೊಂದು ಬಗ್ಗದು.
ಬಿದ್ದ ನಟ್ಟು ಹೆಕ್ಕಿಕೊಡಲು
ಪಕ್ಕದವನನ್ನು ಕರೆಯುತ್ತಿದ್ದೆ.

ತ್ಸಾಂಗ್‌ಝೌ ಊರಿನ ಹಳೇ ಕಾಲುವೆ ದಂಡೆ,
ಎಲೆ ಉದುರಿದ ಎಳಚಿ ಮರ, ಬೆಳಗಿನ ಐದು.
ಗುರು ಗೆಂಗ್ ಶೌತ್ಯಾನ್ ನನ್ನ ಮೊಣಕಾಲು ನೋಡಿದರು,
ಮುಖ ನೋಡಲಿಲ್ಲ.
ಕೂರು, ಅಂದರು.
ಎಲ್ಲಿ?
ಕುದುರೆ ಮೇಲೆ.
ಕುದುರೆ ಇರಲಿಲ್ಲ.

ಕಾಲು ಅಗಲಿಸಿ ತೊಡೆ ಹಲಗೆಯಂತೆ ಹಾಸಿ
ಗಾಳಿಯ ಬೆನ್ನೇರಿ ಕೂತೆ.
ಒಂದು ಊದುಕಡ್ಡಿ ಉರಿದು ಮುಗಿಯುವಷ್ಟು ಹೊತ್ತು.
ಕಡ್ಡಿ ಇನ್ನೂ ಗೇಣುದ್ದ ಇತ್ತು,
ತೊಡೆ ಆಗಲೇ ಬೂದಿ.
ತೊಡೆಗೊಂದು ಚಹಾ ಬಟ್ಟಲು ಇಟ್ಟರು, ತುಂಬಿಸಿ.
ಚೆಲ್ಲಿದರೆ ಒರೆಸುವುದು ನೀನೇ, ಅಂದರು.
ಆ ಚಳಿಗಾಲವೆಲ್ಲ
ನನ್ನ ಪೈಜಾಮಕ್ಕೆ ಚಹಾದ ವಾಸನೆ.

ಆಮೇಲೆ ಕಾಲುವೆಯ ಕಂಬಿ.
ಹಿಮ್ಮಡಿ ಅದರ ಮೇಲೆ, ಎದೆ ಮೊಣಕಾಲಿನತ್ತ.
ಬೇಲಿ ಜಗಳವಾಡಿದ ನೆರೆಯವರ ಹಾಗೆ
ಎರಡೂ ಮುಖ ತಿರುಗಿಸಿಕೊಂಡವು.
ಜಗ್ಗಿದೆ. ತೊಡೆಯ ಹಿಂದೆ ಏನೋ ಚುರ್ರೆಂದಿತು.
ಗುರು ಕೋಲಿನಿಂದ ನನ್ನ ಬೂಟು ತಟ್ಟಿದರು:
ಅಲ್ಲಿ ಉಕ್ಕಿಗೆ ಏನು ಮಾಡ್ತೀಯ?
ಮೊದಲು ಕಾಯಿಸ್ತೀವಿ.
ತಣ್ಣಗಿದ್ದಾಗಲೇ ಬಗ್ಗಿಸಿದರೆ?
ಒಳಮಗ್ಗುಲು ಸುಕ್ಕು, ಹೊರಮಗ್ಗುಲು ಸೀಳು.
ಮತ್ತೆ?
ಅಷ್ಟೇ ಕೇಳಿ ಹೋದರು, ಮೂಗು ಒರೆಸಿಕೊಳ್ಳುತ್ತ.

ಉಪ್ಪಿನಕಾಯಿ ಜಾಡಿಯ ಬಾಯಂಚನ್ನು
ಐದೇ ಬೆರಳಲ್ಲಿ ಕಚ್ಚಿ ಹಿಡಿದು ನಡೆಯಬೇಕು,
ದಿನಕ್ಕೊಂದು ಹಿಡಿ ಮರಳು ಹೆಚ್ಚು.
ಎಳಚಿ ಹಣ್ಣು ಕೆಂಪಾಗುವ ಹೊತ್ತಿಗೆ ಅರ್ಧ ಜಾಡಿ.
ಒಂದು ಒಡೆದೆ. ಸಂತೆಗೆ ಕಳಿಸಿದರು, ನನ್ನದೇ ದುಡ್ಡಲ್ಲಿ.
ಇನ್ನೊಂದು ಒಡೆದೆ.
ಮೂರನೆಯದನ್ನು ಚೌಕಾಸಿ ಮಾಡಿ ತಂದೆ; ಅದು ಉಳಿಯಿತು.

ಗುದ್ದು ಯಾವಾಗ ಕಲಿಸ್ತೀರಿ,
ಕೇಳಿದ ಫಂಗ್ ಕುಯಿ, ಇಪ್ಪತ್ತರ ಹುಡುಗ.
ಗುರುವಿಗೆ ಕೇಳಿಸಲಿಲ್ಲ, ಕೇಳಿಸಿತೋ ಏನೋ.
ಅವನು ಕನ್ನಡಿಗಳಿರುವ ಜಿಮ್ ಸೇರಿದ.
ನಾನೂ ಕೇಳಬೇಕೆಂದಿದ್ದೆ.
ಮರೆತೆ.

ಆರನೆಯ ಚಳಿಗಾಲ ಗುರುವಿನ ಎಡಮೈ ಬಿತ್ತು.
ಐದನೇ ಮಹಡಿ, ಲಿಫ್ಟ್ ಇಲ್ಲ.
ಸ್ಟ್ರೆಚರ್ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು,
ಆಸ್ಪತ್ರೆಯ ಹುಡುಗರಿಬ್ಬರು ಗೋಡೆಯನ್ನು ಬೈದರು.
ಕೊಡಿ, ಅಂದೆ.
ಬೆನ್ನಿಗೆ ಕಟ್ಟಿದರು, ಹಾಸಿಗೆಯ ಚಾದರದಲ್ಲಿ.
ಇಷ್ಟು ಹಗುರ ಎಂದುಕೊಂಡಿರಲಿಲ್ಲ;
ಎರಡು ಮಹಡಿ ಇಳಿಯುವಷ್ಟರಲ್ಲಿ ಮರಳು ತುಂಬತೊಡಗಿತು.

ಮೂರನೆಯ ತಿರುವು. ಬಲ್ಬು ಸತ್ತಿತ್ತು.
ಮಂಡಿ ನಡುಗಿತು, ಕೈ ಹಿಡಿಯಲು ಕಂಬಿಯಿಲ್ಲ.
ಕಿವಿಯ ಹಿಂದೆ, ಅರ್ಧ ನಾಲಿಗೆಯಲ್ಲಿ, ಜೊಲ್ಲಿನ ಜೊತೆ
ಬಂತು ಅದೇ ಬೈಗುಳದ ದನಿ:
ಸೊಂಟ. ಕೆಳಗೆ.
ಇಳಿಸಿದೆ. ತೊಡೆ ಹಾಸಿದೆ.
ಹಾಗೇ ಕೂತೆ ಕತ್ತಲಲ್ಲಿ, ಉಸಿರು ತಿರುಗುವವರೆಗೆ,
ಬೆನ್ನ ಮೇಲೆ ಅವರು.
ಆ ದಿನ ಕುದುರೆ ಇತ್ತು.

ಈಗ ಭಾನುವಾರ ಜಾಡಿ ಒಯ್ಯುತ್ತೇನೆ, ಖಾಲಿಯದು.
ಅವರ ಎಡಗೈ ಬೆರಳುಗಳನ್ನು
ಒಂದೊಂದಾಗಿ ಬಾಯಂಚಿಗೆ ಹಚ್ಚುತ್ತೇನೆ,
ಮೊದಲು ಬಿಸಿನೀರಿನ ಬಟ್ಟೆ ಸುತ್ತಿ.
ಬೆರಳು ಜಾರುತ್ತದೆ. ಮತ್ತೆ ಹಚ್ಚುತ್ತೇನೆ.
ಅವರು ಕಿಟಕಿ ನೋಡುತ್ತಾರೆ, ಮುಖ ಕೊಡುವುದಿಲ್ಲ.
ಹಿಡಿ ಮರಳು ನನ್ನ ಕೋಟಿನ ಜೇಬಲ್ಲಿದೆ,
ತೆಗೆದಿಲ್ಲ.

ನನ್ನ ಹಣೆಗೂ ಮೊಣಕಾಲಿಗೂ ಇನ್ನೂ
ಒಂದು ಅಕ್ರೋಟು ಹಿಡಿಸುವಷ್ಟು ದೂರ.
ಸಂಜೆ ಮನೆಗೆ ಬಂದರೆ
ಅತ್ತೆ ಅಡುಗೆಮನೆಯಿಂದಲೇ ಕೇಳುತ್ತಾಳೆ,
ಹಿಟ್ಟಿನ ಕೈ ಒರೆಸಿಕೊಳ್ಳದೆ:
ಬಗ್ಗಿತಾ?
ಕಿರುಬೆರಳು, ಅಂದೆ ಈ ವಾರ.
ಬರೀ ಕಿರುಬೆರಳು.